ಅಪ್ಪ ಎತ್ತಿಕೊಂಡ ತಟ್ಟೆ

“ಡಿಗ್ರಿ ಗಿಗ್ರಿ ನಮ್ಮಂತೋರ ಮನೇಗ್ ಬರಲ್ಲ ಕಣ್ಲಾ” ಎಂದು ಮೊದಲು ಹೇಳಿದವನು ನನ್ನಪ್ಪನೇ. ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ನಾನು ಬಿ.ಎ. ಪದವಿ ಪಡೆದ ದಿನ ಅವನನ್ನು ಬೆಂಗಳೂರಿನ ಒಂದು ಇಟಾಲಿಯನ್ ಹೋಟೆಲಿಗೆ ಕರೆದೊಯ್ದೆ. ಕೆಲಸಕ್ಕೆ ಹೋಗುವಾಗ ಅದನ್ನು ಗಾಜಿನ ಆಚೆಯಿಂದಷ್ಟೇ ನೋಡುತ್ತಿದ್ದೆ.

“ಶಾವಿಗೆಗೆ ಟಮೋಟ ಗೊಜ್ಜು ಹಾಕವ್ರೆ, ಬುಡು” ಎಂದು ನಗುತ್ತಲೇ ಅಪ್ಪ ಪಾಸ್ತಾ ಪೂರ್ತಿ ತಿಂದ. ಆಮೇಲೆ ತಟ್ಟೆ, ಲೋಟ ಎರಡನ್ನೂ ಎತ್ತಿಕೊಂಡು ಹಿಂಬಾಗಿಲು ಹುಡುಕುತ್ತಾ ಹೊರಟ. ಬಡಿಸುತ್ತಿದ್ದ ಹೆಣ್ಣುಮಗಳು ಓಡಿ ಬಂದು, “ಅಂಕಲ್, ಅಲ್ಲೇ ಇಡಿ, ನಾವು ತಗೋತೀವಿ” ಎಂದಳು.

“ತೊಳ್ದಿಟ್ಬುಡ್ತೀನಿ ಕಣಮ್ಮ. ನಲ್ಲಿ ಎಲ್ಲೈತೆ?”

ಆಕೆ ನಕ್ಕಳು. ನನಗೆ ನಗಲಾಗಲಿಲ್ಲ. ಮಧುಗಿರಿ ಕಡೆಯ ನಮ್ಮೂರಿನ ಹೋಟೆಲಿನಲ್ಲಿ ನಮ್ಮ ಕೇರಿಯವರು ಹೊರಗೆ ಕೂತು ತಿಂದು, ತಟ್ಟೆ ಲೋಟವನ್ನು ತಾವೇ ತೊಳೆದಿಡಬೇಕಿತ್ತು. ಆ ಹೋಟೆಲು ಮುಚ್ಚಿ ಎಷ್ಟೋ ವರ್ಷವಾಗಿದೆ. ಅಪ್ಪನ ಕೈ ಮಾತ್ರ ಅದನ್ನು ಮರೆತಿರಲಿಲ್ಲ. ಮಗನ ಡಿಗ್ರಿಯ ದಿನವೂ ಮರೆಯಲಿಲ್ಲ.

ತಟ್ಟೆಯನ್ನು ಇಸಿದುಕೊಂಡು ಮೇಜಿನ ಮೇಲಿಟ್ಟೆ. ಅದೇ ಕೈಗಳಿಗೆ ನನ್ನ ಪದವಿ ಪ್ರಮಾಣಪತ್ರ ಕೊಟ್ಟೆ. ಓದು ಬಾರದ ಅಪ್ಪ ನನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟ. ಕೊನೆಗೆ ಮೆಲ್ಲಗೆ ಹೇಳಿದ:

“ನಂಗೆ ಅಭ್ಯಾಸ ಆಗೋಗೈತೆ. ನೀನು ಮಾತ್ರ ಉಂಡ ತಟ್ಟೆನ ಅಲ್ಲೇ ಬುಟ್ಟು ಎದ್ದೋಗು, ಮಗ.”