ಕಿವಿ ಮುಟ್ಟಿದ ಕೂಸು

ಹರಿಹರದ ನಮ್ಮ ಕಾರ್ಖಾನೆಗೆ ಬಂದಿದ್ದ ಜರ್ಮನ್ ಎಂಜಿನಿಯರರ ಹೆಂಡತಿಗೆ ನಾಲ್ಕು ವರ್ಷದ ಮಗಳನ್ನು ದಾವಣಗೆರೆಯ ಶಿಶುವಿಹಾರಕ್ಕೆ ಸೇರಿಸಬೇಕಿತ್ತು. ಗುಮಾಸ್ತನಾದ ನಾನೇ ದುಭಾಷಿ. ಬರ್ತ್ ಸರ್ಟಿಫಿಕೇಟು ಮುಂದಿಟ್ಟರೆ ಹೆಡ್ ಮಿಸ್ಟ್ರೆಸ್ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಕೈ ತಲೆ ಮ್ಯಾಲಿಂದ ತಂದು ಆ ಕಡೆ ಕಿವಿ ಮುಟ್ಟವ್ವ" ಅಂದರು.

ನಾನೇ ಮಾಡಿ ತೋರಿಸಿದೆ. ಉದ್ದ ಕೈಯ ಕೂಸು ಸಲೀಸಾಗಿ ಮುಟ್ಟಿಬಿಟ್ಟಿತು.

"ಕಿವಿ ಮುಟ್ತು ಅಂದ್ರೆ ಆರು ತುಂಬೈತೆ. ಒಂದನೇ ಕ್ಲಾಸಿಗೆ ಕರ್ಕೊಂಡು ಹೋಗ್ರಿ."

ನನಗೆ ಮೈಯೆಲ್ಲ ಉರಿಯಿತು. "ಅಲ್ರೀ, ಸರ್ಕಾರದ ಮೊಹರಿಗಿಂತ ಕಿವಿ ದೊಡ್ಡದಾ?"

"ಕಾಗದ ಯಾರು ಬೇಕಾದ್ರೂ ಬರೆಸ್ತಾರ್ರಿ."

ಕೂಗಾಡಿದೆ, ಮೇಜು ಕುಟ್ಟಿದೆ. ಸೀಟು ಸಿಗಲಿಲ್ಲ. ವಾಪಸು ಬರುವಾಗ ಇನ್ನೂ ಬುಸುಗುಡುತ್ತಿದ್ದೆ. ಮಾತು ಬದಲಿಸಲು ಆ ತಾಯಿ ನನ್ನ ಹುಟ್ಟಿದ ದಿನ ಯಾವುದೆಂದು ಕೇಳಿದರು. ತಾರೀಖು ಹೇಳಿದೆ. ಅದನ್ನು ನಮ್ಮೂರ ಮೇಷ್ಟ್ರು ನನ್ನ ಕೈಯಲ್ಲಿ ಕಿವಿ ಮುಟ್ಟಿಸಿಯೇ ಬರೆದದ್ದೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.