ನಾಲ್ಕು ಬೆರಳಗಲದ ಹಲಗೆ

ಈ ಸಂಗತಿಯನ್ನು ಹೇಳದೆ ಬಹಳ ವರ್ಷ ಮುಂದಕ್ಕೆ ತಳ್ಳಿಕೊಂಡು ಬಂದಿದ್ದೇನೆ. ಶೆಡ್ಡಿನಲ್ಲಿ ಕೆಲಸ ಜಾಸ್ತಿ ಎಂದೆ, ಮಂಡಿನೋವು ಎಂದೆ, ಕನ್ನಡಕ ಬದಲಾಯಿಸಿದ ಮೇಲೆ ಬರೆದರಾಯಿತು ಎಂದೆ. ಕನ್ನಡಕವೂ ಎರಡು ಸಲ ಬದಲಾಯಿತು. ಇವತ್ತು ಬೆಳಿಗ್ಗೆ ಶಿರಾದ ಟೀ ಅಂಗಡಿಯ ಕಿರಿದಾದ ಬೆಂಚಿನ ಮೇಲೆ ಅರ್ಧ ಶರೀರವನ್ನು ಮರಕ್ಕೂ ಇನ್ನರ್ಧವನ್ನು ಗಾಳಿಗೂ ಒಪ್ಪಿಸಿ ಕೂತಿದ್ದಾಗ, ಒಬ್ಬ ಮನುಷ್ಯನಿಗೆ ಕೂರಲು ಎಷ್ಟು ಜಾಗ ಬೇಕು ಎಂಬ ಪ್ರಶ್ನೆ ತಾನಾಗಿ ಎದ್ದಿತು. ಆ ಪ್ರಶ್ನೆಗೆ ನಾನು ಒಮ್ಮೆ ಕೊಟ್ಟ ಉತ್ತರದಿಂದ ಒಂದು ಲಾರಿಯ ಹಲ್ಲು ಸವೆಯಿತು, ಒಬ್ಬ ಒಳ್ಳೆಯ ಡ್ರೈವರಿನ ಹೆಸರು ಕೆಟ್ಟಿತು.

ಲಾರಿ ಎಂದರೆ ಅದು ಮಿಲಿಟರಿಯವರು ಹರಾಜು ಹಾಕಿದ್ದು. ಬೆನ್ನ ಮೇಲೆ ಕ್ರೇನು ಕೂರಿಸಿಕೊಂಡು, ಮಧುಗಿರಿಯಿಂದ ಪಾವಗಡದವರೆಗೆ ಹಳ್ಳಕ್ಕಿಳಿದ ಗಾಡಿಗಳನ್ನು ಎಳೆಯುವುದು ಅದರ ಕಸುಬು. ಸಾಮಾನ್ಯ ಲಾರಿಗೆ ಹಿಂದಿನ ಚಕ್ರಗಳಿಗಷ್ಟೇ ಶಕ್ತಿ. ಇದಕ್ಕೆ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಬಾಕ್ಸ್ ಎಂಬ ಇನ್ನೊಂದು ಪೆಟ್ಟಿಗೆ ಇದ್ದು, ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆದರೆ ಮುಂದಿನ ಚಕ್ರಗಳೂ ಕೆಲಸಕ್ಕೆ ನಿಲ್ಲುತ್ತವೆ. ಕೆಸರಿನಲ್ಲಿ ಅದು ಆನೆ. ಆ ಆನೆಗೆ ನಾನು ಮೇಸ್ತ್ರಿ, ಆ ಡ್ರೈವರು ಮಾವುತ.

ಅವನು ಪಾವಗಡದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಚಪ್ಪಲಿ ಕೆಳಗೆ ಬಿಡದೆ ಕ್ಯಾಬಿನ್ ಹತ್ತಿದವನಲ್ಲ. ಗಾಡಿ ಮೈಯೊಳಗೆ ಏನಾಗುತ್ತಿದೆ ಎಂಬುದು ಅವನಿಗೆ ಅಂಗಾಲಿನಿಂದಲೇ ತಿಳಿಯುತ್ತಿತ್ತು. ನನಗಾದರೋ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, ವೈದ್ಯನ ಗಾಂಭೀರ್ಯದಲ್ಲಿ ಎರಡು ನಿಮಿಷ ನಿಲ್ಲದಿದ್ದರೆ ರೋಗ ಕಾಣುತ್ತಿರಲಿಲ್ಲ. ಆ ಗಾಂಭೀರ್ಯದಲ್ಲಿ ಅರ್ಧ ನಟನೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎಲ್ಲಿ ಗಾಡಿ ಎಳೆಯಲು ಹೋದರೂ ಅವನ ಪಕ್ಕದಲ್ಲಿ ನಾನೂ ಹೋಗಬೇಕಿತ್ತು. ಆಗ ನನ್ನ ದೇಹ ಈಗಿನದಕ್ಕಿಂತಲೂ ಉದಾರವಾಗಿತ್ತು. ಐ.ಡಿ.ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಕೊನೆಗೆ ಬಡಗಿಯನ್ನು ಕರೆಸಿ, ನನ್ನ ಸೀಟಿನ ಹಲಗೆಯನ್ನು ಲಿವರಿನ ಕಡೆಗೆ ನಾಲ್ಕು ಬೆರಳು ಅಗಲ ಮಾಡಿಸಿ, ಮೇಲೆ ರೆಕ್ಸಿನ್ ಹೊಡೆಸಿಕೊಂಡೆ. ಅದರ ಮೇಲೆ ಕೂತ ಮೊದಲ ದಿನ ನನಗಾದ ಆನಂದವನ್ನು ಸಿಂಹಾಸನವೇರಿದವರು ಮಾತ್ರ ಬಲ್ಲರು.

ಕೆಲವು ತಿಂಗಳಿಗೆ ಗಾಡಿ ಕಾಯಿಲೆ ಬಿತ್ತು. ಭಾರ ಬಿದ್ದೊಡನೆ ಲಿವರ್ ಢಮ್ಮೆಂದು ವಾಪಸು ಹಾರುತ್ತಿತ್ತು, ಮುಂದಿನ ಚಕ್ರಗಳು ಸುಮ್ಮನಾಗುತ್ತಿದ್ದವು. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಜಾರಿಕೊಂಡು ಕಚ್ಚಿ ಹಿಡಿಯುವ ಬಳೆಯ ಹಲ್ಲುಗಳು ತುದಿಯಲ್ಲಿ ಉಂಡೆಯಾಗಿದ್ದವು. ಚಕ್ರ ಉರುಳುತ್ತಿರುವಾಗಲೇ ಲಿವರ್ ಎಳೆದರೆ ಹಾಗಾಗುವುದುಂಟು; ಹಲ್ಲು ಅರ್ಧ ಮಾತ್ರ ಕಚ್ಚಿಕೊಂಡು ಭಾರ ಎಳೆದರೂ ಹಾಗೆಯೇ ಆಗುತ್ತದೆ. ಎರಡರಲ್ಲಿ ಯಾವುದು ಎಂದು ನಾನು ತಲೆ ತುರಿಸಿಕೊಳ್ಳುತ್ತಿದ್ದಾಗ ಅವನು ಮಾಲೀಕರ ಎದುರಿಗೇ ಹೇಳಿದ:

"ಅಣ್ಣಾ, ಲಿವರು ಪೂರ್ತಿ ಬೀಳ್ತಾ ಇಲ್ಲ. ಹಲಗೆ ಅಡ್ಡ ಬತ್ತೈತೆ. ನಿನ್ ಸಿಂಹಾಸನ ಸ್ವಲ್ಪ ಕುಯ್ದ್ರೆ ಗಾಡಿ ಬದುಕ್ತೈತೆ ಕಣಣ್ಣಾ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಗ್ರೀಸ್ ಡಬ್ಬ ಹಿಡಿದಿದ್ದವನೊಬ್ಬ, "ಹಲಗೆ ಕುಯ್ಯೋದ್ಕಿಂತ ಮೇಸ್ತ್ರೀನೇ ಕುಯ್ಯೋದು ವಾಸಿ ಬುಡಪ್ಪಾ" ಎಂದ. ಮಾಲೀಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ನಗಲಿಲ್ಲ. ಕ್ಯಾಬಿನ್ ಹತ್ತಿ ಲಿವರ್ ಎಳೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಹತ್ತಲಿಲ್ಲ. "ಲೇ, ಗಾಡಿ ನಿಲ್ಲಿಸ್ದೆ ಲಿವರ್ ಎಳ್ದು ಹಲ್ಲು ಮುರಿದೋನು ನೀನು, ನಂಗೆ ಹಲಗೆ ತೋರಿಸ್ತೀಯೇನ್ಲಾ?" ಎಂದುಬಿಟ್ಟೆ. ಅವನು ಹಾಗೆ ಎಳೆದದ್ದನ್ನು ಪಕ್ಕದಲ್ಲೇ ಕೂರುತ್ತಿದ್ದ ನಾನು ಒಂದು ಸಲವೂ ಕಂಡಿರಲಿಲ್ಲ. ಮೇಸ್ತ್ರಿಯ ಮಾತಿಗೆ ಬೆಲೆ ಹೆಚ್ಚು. ಮಾಲೀಕರು ಅದೇ ದಿನ ಅವನನ್ನು ಗಾಡಿಯಿಂದ ಇಳಿಸಿದರು. ಅವನು ಜಗಳವಾಡದೆ, ಕೆಳಗಿದ್ದ ಚಪ್ಪಲಿ ಮೆಟ್ಟಿಕೊಂಡು ಪಾವಗಡದ ಬಸ್ಸು ಹತ್ತಿದ. ಶಿರಾದ ಲಾರಿ ಸ್ಟ್ಯಾಂಡಿನಲ್ಲಿ ಅವನಿಗೆ "ಗೇರ್ ಮುರುಕ" ಎಂಬ ಹೆಸರು ಅಂಟಿಕೊಂಡಿತು. ನಾನು ಹೊಸ ಬಳೆ ಹಾಕಿ, ಪೆಟ್ಟಿಗೆ ಮುಚ್ಚಿದೆ. ಆಮೇಲೆ ಗಾಡಿ ಬಹುಪಾಲು ಹೈವೇಯಲ್ಲೇ ದುಡಿದದ್ದರಿಂದ ಆ ಲಿವರಿನ ತಂಟೆಗೆ ಯಾರೂ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ಅದೇ ಗಾಡಿ, ಕೈ ಬದಲಾಗಿ, ಮತ್ತೆ ನನ್ನ ಶೆಡ್ಡಿಗೆ ಬಂತು. ಹೊಸ ಮಾಲೀಕ ರಿಯಾಜ್, "ಚಾಚಾ, ಕೆಸರಿಗೆ ಇಳಿದ್ರೆ ಲಿವರ್ ಒದಿತೈತೆ" ಎಂದ. ಬಿಚ್ಚಿದೆ. ಈ ಸಲ ತಪ್ಪು ಹೊರಿಸಲು ಆ ಹಳೆಯ ಡ್ರೈವರ್ ಇರಲಿಲ್ಲ. ಹಲ್ಲು ಮಾತ್ರ ಅದೇ ಜಾಗದಲ್ಲಿ, ಅಷ್ಟೇ ಉದ್ದಕ್ಕೆ ಸವೆದಿತ್ತು. ತುದಿಯ ಅರ್ಧ ಉಂಡೆ, ಒಳಗಿನ ಅರ್ಧ ಫ್ಯಾಕ್ಟರಿಯಿಂದ ನಿನ್ನೆ ಬಂದ ಹಾಗೆ ಫಳಫಳ. ಇಷ್ಟು ವರ್ಷದ ಮೇಲೆ ಕ್ಯಾಬಿನ್ ಹತ್ತಿ ಲಿವರ್ ಎಳೆದೆ. ಅದು ಹಲಗೆಗೆ ಟಕ್ಕೆಂದು ಬಡಿದು ನಿಂತಿತು. ರೆಕ್ಸಿನ್ ಹರಿದಿತ್ತು, ಲಿವರ್ ಬಡಿದ ಜಾಗದಲ್ಲಿ ಮರ ಗುಳಿ ಬಿದ್ದಿತ್ತು.

ಗರಗಸ ತಂದು ಹಲಗೆ ನಾನೇ ಕುಯ್ದೆ. ಹೊಸ ಬಳೆ, ಹೊಸ ಬೇರಿಂಗು, ಹೊಸ ಎಣ್ಣೆ ಸೀಲು ಹಾಕಿ, ಮಿಡಿಗೇಶಿಯ ಹತ್ತಿರ ಹಳ್ಳಕ್ಕೆ ಇಳಿದಿದ್ದ ಕಡಲೆಕಾಯಿ ಲಾರಿಗೆ ಸರಪಳಿ ಬಿಗಿದೆವು. ರಿಯಾಜ್ ಲಿವರ್ ಎಳೆದ. ಅದು ಪೂರ್ತಿ ಬಿತ್ತು. ನಾಲ್ಕೂ ಮೂಲೆಯ ಚಕ್ರಗಳು ಒಟ್ಟಿಗೆ ಮಣ್ಣು ಕಚ್ಚಿದವು. ಮೂಟೆಗಳ ಸಮೇತ ಲಾರಿ ಮೇಲಕ್ಕೆ ಬಂದಾಗ ಊರಿನವರು ಸಿಳ್ಳೆ ಹಾಕಿದರು. ನಾನೂ ಹಾಕಿದೆ, ಕಟ್ಟಿಸಿದ ಹಲ್ಲಿನ ಕಾರಣ ಗಾಳಿ ಮಾತ್ರ ಬಂತು.

ಮರುದಿನವೇ ಪಾವಗಡದ ಕಡೆಗೆ, ಆ ಡ್ರೈವರಿನ ಊರಿಗೆ ಹೋದೆ. "ತಪ್ಪಾಯ್ತು" ಎಂಬ ಒಂದೇ ಮಾತನ್ನು ದಾರಿಯುದ್ದಕ್ಕೂ ಪಾಠ ಮಾಡಿಕೊಂಡಿದ್ದೆ. ಅವನು ನನ್ನನ್ನು ಕಂಡವನೇ ಹೆಂಡತಿಯ ಕಡೆ ತಿರುಗಿ, ಮೇಸ್ತ್ರಿ ಬಂದನೆಂದು ತಮ್ಮ ಮನೆಯ ತೆಲುಗು ಬೆರೆಸಿ, "ಏಮೇ, ಮೇಸ್ತ್ರಿ ಒಚ್ಚಿನಾಡು! ಮುದ್ದೆಗೆ ಇಡು!" ಎಂದು ಕೂಗಿದ. ಕೂರಿಸಿ, ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿ ಕೇಳಿದ:

"ಗಾಡಿ ಐತಾಣ್ಣಾ ಇನ್ನೂ?"

"ಐತೆ."

"ಲಿವರು ಬೀಳ್ತೈತಾ?"

"ಬೀಳ್ತೈತೆ."

ಒಂದು ಕ್ಷಣ ನನ್ನ ಮುಖವನ್ನೇ ನೋಡಿ, "ಹಲಗೆ ಕುಯ್ದ್ಯಾ?" ಎಂದ. ಬಾಯಿತುಂಬ ಮುದ್ದೆಯಿತ್ತು, ತಲೆಯಾಡಿಸಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನ ಹೆಂಡತಿಯೂ ನಕ್ಕರು. ಹಳೆಯ ಬಾಕಿಯಾಗಿದ್ದ ನನ್ನ ನಗುವೂ ಆಗಲೇ ಹೊರಬಂತು. ಆ ಗದ್ದಲದಲ್ಲಿ ಪಾಠ ಮಾಡಿಕೊಂಡ ಮಾತು ಮುದ್ದೆಯ ಜೊತೆ ಒಳಗೆ ಹೋಯಿತು. ಬಸ್ಸು ಹತ್ತಿಸುವವರೆಗೂ ಅವನು ಜೊತೆಗಿದ್ದ, ಆಗಲೂ ಹೇಳಲಿಲ್ಲ.

ಹೇಳಿದ್ದರೂ ಅದು ಅವನ ಮನೆಯೊಳಗೆ ಉಳಿಯುತ್ತಿತ್ತು. ನಾನು ಅವನ ಮರ್ಯಾದೆ ತೆಗೆದದ್ದು ಹತ್ತು ಜನರ ನಡುವೆ. ಲಾರಿ ಸ್ಟ್ಯಾಂಡಿನ ಹಳಬರು ಇಂದಿಗೂ ಅವನನ್ನು ಆ ಕೆಟ್ಟ ಹೆಸರಿನಿಂದಲೇ ನೆನೆಯುತ್ತಾರೆ. ಅದಕ್ಕೇ ಇಲ್ಲಿ ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ: ಹಲ್ಲು ಸವೆಸಿದ್ದು ನನ್ನ ಹಲಗೆ, ಸುಳ್ಳು ಹೇಳಿದ್ದು ನನ್ನ ನಾಲಿಗೆ. ಅವನು ಗಾಡಿಯ ಒಂದು ನಟ್ಟನ್ನೂ ಕೆಡಿಸಿದವನಲ್ಲ. ಸ್ಟ್ಯಾಂಡಿನವರೇ, ಅವನ ಹೆಸರು ಹನುಮಂತರಾಯಪ್ಪ.