ಸೆಲ್ಲಿನ ಕಡಗೋಲು

ನನ್ನ ಬ್ಯಾಗಿನಲ್ಲಿ ಕನ್ನಡಕ, ಶಾಲೆಯ ಬೀರುವಿನ ಕೀಲಿ, ಒಂದೆರಡು ಸೀಮೆಸುಣ್ಣದ ತುಂಡು ಇವುಗಳ ಜೊತೆಗೆ ಹಾಲಿಗೆ ನೊರೆ ಬರಿಸುವ ಒಂದು ಯಂತ್ರವೂ ಇರುತ್ತದೆ. ಯಂತ್ರ ಅಂದರೆ ದೊಡ್ಡ ಮಾತಾಯಿತು. ಗೇಣುದ್ದದ ಒಂದು ಹಿಡಿ, ಅದರ ಹೊಟ್ಟೆಯೊಳಗೆ ಎರಡು ಪೆನ್ಸಿಲ್ ಸೆಲ್ಲು, ಮುಂದೆ ತೆಳ್ಳನೆಯ ಸ್ಟೀಲ್ ಕಡ್ಡಿ, ಅದರ ತುದಿಗೆ ಸ್ಪ್ರಿಂಗ್ ಸುತ್ತಿದ ಉಂಗುರ. ಗುಂಡಿ ಒತ್ತಿದರೆ ಗುಂಯ್ ಎಂದು ತಿರುಗಿ ಬಿಸಿ ಹಾಲಿನಲ್ಲಿ ನೊರೆ ಎಬ್ಬಿಸುತ್ತದೆ. ಮೊಬೈಲಿನಲ್ಲಿ ನೋಡಿ ತರಿಸಿದ ದಿನ ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೆಲ್ಲಿನ ಕಡಗೋಲು ಎಂದು ಹೆಸರಿಟ್ಟಳು. ಅದರ ಡಬ್ಬಿಯ ಮೇಲಿದ್ದ ಹೆಸರು ಈಗ ನನಗೂ ಮರೆತುಹೋಗಿದೆ.

ನಾನು ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು ದೊಡ್ಡಉಳ್ಳಾರ್ತಿ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿ ಬರುವವಳು. ತರಬೇತಿ, ಚುನಾವಣೆ ಡ್ಯೂಟಿ ಎಂದು ಊರೂರು ಅಲೆದಾಗ ಸಿಗುವ ಕಾಫಿಯನ್ನು ಕುಡಿದವರಿಗೇ ಗೊತ್ತು. ಅದಕ್ಕೇ ಇದನ್ನು ಹೋದಲ್ಲಿಗೆಲ್ಲ ಒಯ್ಯುತ್ತೇನೆ. ಒಂದು ಸಲ ಬಸ್ಸಿನಲ್ಲಿ ಊಟದ ಡಬ್ಬಿ ಒತ್ತಿ ಗುಂಡಿ ಅದುಮಿಕೊಂಡು ಬ್ಯಾಗು ಗುಂಯ್‌ಗುಡತೊಡಗಿತು. ಪಕ್ಕದ ಅಜ್ಜ ಜೇನುಹುಳ ಎಂದು ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡ. ಕಂಡಕ್ಟರು ಬಂದು ಬ್ಯಾಗು ತೆಗೆಸಿದ. ಬಸ್ಸೆಲ್ಲ ನಕ್ಕಿತು, ನಾನು ಮಾತ್ರ ನಗಲಿಲ್ಲ. ಅಂದಿನಿಂದ ಪ್ರಯಾಣಕ್ಕೆ ಹೊರಡುವಾಗ ಒಂದು ಸೆಲ್ಲನ್ನು ತಿರುವಿ ಹಾಕುತ್ತೇನೆ. ಹಾಗೆ ಹಾಕಿದರೆ ಗುಂಡಿ ಒತ್ತಿದರೂ ತಿರುಗುವುದಿಲ್ಲ. ಮನೆಗೆ ಬಂದ ಮೇಲೆ ಸರಿಮಾಡಿಡಬೇಕು. ಎಷ್ಟೋ ಸಲ ಸೋಮಾರಿತನಕ್ಕೆ ಹಾಗೇ ಬಿಟ್ಟಿರುತ್ತೇನೆ.

ನೊರೆಯ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡ್ ಮಗ್ಗುಲಲ್ಲಿ ಅಪ್ಪ ಮೂವತ್ತು ವರ್ಷ ಟೀ ಹೋಟೆಲು ನಡೆಸಿದ. ಒಂದು ಮಗ್ಗನ್ನು ತಲೆಗಿಂತ ಮೇಲೆ ಎತ್ತಿ, ಇನ್ನೊಂದನ್ನು ಸೊಂಟದ ಹತ್ತಿರ ಹಿಡಿದು ಟೀ ಹುಯ್ಯುತ್ತಿದ್ದ. ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ರಾಯದುರ್ಗದ ಕಡೆಯವರು ಬಸ್ಸಿಳಿದು, ನುರಗ ಎಕ್ಕುವ, ಎಂದು ತೆಲುಗಿನಲ್ಲಿ ನೊರೆ ಜಾಸ್ತಿ ಕೇಳಿ ಕುಡಿಯುತ್ತಿದ್ದರು.

ಆ ಹೋಟೆಲಿಗೆ ಒಂದು ನೇಮವಿತ್ತು. ಬೆಳಗಿನ ಮೊದಲ ಲೋಟ ಬೋಣಿಗೂ ಮುಂಚೆ ಅವ್ವನಿಗೆ ಹೋಗಬೇಕು. ನಮ್ಮ ಮನೆ ಹೋಟೆಲಿನ ಹಿಂದೆಯೇ ಇತ್ತು. ಬೆಂಚಿನ ತುಂಬ ಜನ ಕೂತಿರಲಿ, ಡ್ರೈವರು ಹಾರನ್ ಹೊಡೆಯುತ್ತಿರಲಿ, ಅಪ್ಪ ಲೋಟದ ಮೇಲೆ ತಟ್ಟೆ ಮುಚ್ಚಿ ಸೀದಾ ಹಿಂದಕ್ಕೆ ನಡೆಯುತ್ತಿದ್ದ. ಅವನು ಬರುವ ತನಕ ಯಾರಿಗೂ ಟೀ ಇಲ್ಲ. ಕಸ ಗುಡಿಸುತ್ತಿದ್ದ ಅವ್ವ ಪೊರಕೆ ಬದಿಗಿಟ್ಟು ಒಂದು ಗುಟುಕು ಕುಡಿದು, "ಸಕ್ಕರೆ ಒಂಚೂರು ಕಮ್ಮಿ ಆತು" ಅನ್ನುತ್ತಿದ್ದಳು. ಅಪ್ಪ, "ನಾಳೆ ಹಾಕ್ತೀನಿ" ಅನ್ನುತ್ತಿದ್ದ. ಮೂವತ್ತು ವರ್ಷ ಇದೇ ಮಾತು. ಅವನು ಒಂದು ದಿನವೂ ಜಾಸ್ತಿ ಹಾಕಲಿಲ್ಲ, ಅವಳು ಒಂದು ದಿನವೂ ಲೋಟದಲ್ಲಿ ಉಳಿಸಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಬಲಭುಜ ಹಿಡಿದುಕೊಂಡಿತು. ಎಣ್ಣೆ ತಿಕ್ಕಿಸಿದ್ದಾಯಿತು, ಇಂಜೆಕ್ಷನ್ ಆಯಿತು. ಕೈ ಎದೆಮಟ್ಟದಿಂದ ಮೇಲೆ ಏಳಲಿಲ್ಲ. ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಇಬ್ಬರೂ ಚಳ್ಳಕೆರೆಗೆ ನನ್ನ ಮನೆಗೆ ಬಂದರು. ಬಂದ ವಾರದಲ್ಲೇ ಅವ್ವ ಟೀ ಬಿಟ್ಟಳು. ಕೇಳಿದರೆ ಗ್ಯಾಸು ಅಂದಳು. ನನಗೆ ಅನುಮಾನ. ಮೆಣಸಿನಕಾಯಿ ಬಜ್ಜಿ ತಿಂದರೆ ಆಗದ ಗ್ಯಾಸು ಒಂದು ಲೋಟ ಟೀಗೆ ಹೇಗೆ ಆಗುತ್ತದೆ? ಅಪ್ಪ ಪೇಪರಿಗೆ ಹೋದ ಹೊತ್ತು ನೋಡಿ ಜಬರಿಸಿ ಕೇಳಿದೆ. ಅವ್ವ ಅಕ್ಕಿ ಆರಿಸುತ್ತಲೇ ಮೆಲ್ಲಗೆ ಹೇಳಿದಳು: "ನಾನೇ ಮಾಡ್ಕೊಂಡು ಕುಡಿದ್ರೆ ನಿಮ್ಮಪ್ಪನಿಗೆ ಇನ್ನೇನು ಉಳೀತೈತೆ?"

ಅಪ್ಪ ನೊರೆಯಿಲ್ಲದ ಟೀ ಮಾಡುವವನಲ್ಲ. ನೊರೆ ಎಬ್ಬಿಸಲು ಅವನಿಗೆ ಕೈಯಿಲ್ಲ. ಅವನು ಮಾಡದ ಟೀ ಅವ್ವ ಕುಡಿಯುವವಳಲ್ಲ. ಇದಕ್ಕೊಂದು ದಾರಿ ಮಾಡೇ ಮಾಡುತ್ತೇನೆ ಎಂದುಕೊಂಡೆ. ನನ್ನ ಕೈಯಲ್ಲಿ ಸೆಲ್ಲಿನ ಕಡಗೋಲು ಇತ್ತಲ್ಲ.

ನಾನು ಮಾಡಿದ ತಪ್ಪು ಅಲ್ಲೇ. ಅಪ್ಪನ ಕೈಗೆ ಯಂತ್ರ ಕೊಡುವ ಬದಲು ನಾನೇ ಟೀ ಮಾಡಿ, ಗುಂಯ್ ಎಂದು ನೊರೆ ಎಬ್ಬಿಸಿ ಅವನ ಮುಂದೆ ಹಿಡಿದು, ನೋಡಪ್ಪ, ಥೇಟ್ ನಿನ್ನ ಟೀ ಹಂಗೇ ಐತೆ ಅಂದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ಬಂದ ಕೆಟ್ಟ ಅಭ್ಯಾಸ, ಎಲ್ಲರಿಗೂ ಎಲ್ಲವನ್ನೂ ನಾನೇ ಮಾಡಿ ತೋರಿಸಬೇಕು. ಅಪ್ಪ ಒಂದು ಗುಟುಕು ಕುಡಿದ. ಸೋಪಿನ ನೊರೆ ಎಂದು ಲೋಟ ಕೆಳಗಿಟ್ಟು ಎದ್ದು ಹೋದ. ಅಂದು ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಆಮೇಲೆ ಅವನಿದ್ದಾಗ ನಾನು ಅದನ್ನು ಹೊರತೆಗೆಯುವುದನ್ನೇ ನಿಲ್ಲಿಸಿದೆ.

ಕೆಲವು ದಿನ ಕಳೆದು ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಹಿಂದಿನ ವಾರದ ತರಬೇತಿಯಿಂದ ಬಂದ ಮೇಲೆ ಮನೆಯಲ್ಲೇ ಬಿಟ್ಟಿದ್ದ ಕಡಗೋಲಿನ ಸ್ಪ್ರಿಂಗಿಗೆ ಹಾಲಿನ ಕೆನೆ ಒಣಗಿ ಅಂಟಿಕೊಂಡಿದೆ. ಅವ್ವನೇ ಮಜ್ಜಿಗೆ ಕಡೆಯಲು ಹೋಗಿರಬೇಕೆಂದು ಎಗರಾಡಿದೆ. ಮುಟ್ಟಿದರೆ ಮುಟ್ಟು, ತೊಳೆದಿಡೋಕೆ ಏನು ಧಾಡಿ ಎಂದೆಲ್ಲ ಅಂದೆ. ಅವ್ವ ಕೈ ಚಾಚಿ ಅದನ್ನು ಇಸಿದುಕೊಂಡಳು. ತೊಳೆದು, ಸೆರಗಿನಿಂದ ಒರೆಸಿ ಕೊಟ್ಟಳು. ನಾನು ಅದನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡೆ.

ಆ ಭಾನುವಾರ ಮೂವರೂ ದೇವಸಮುದ್ರಕ್ಕೆ ಹೋದೆವು. ಅಲ್ಲಿ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಮನೆಯ ಹಳೇ ಶೀಟು ತೆಗೆಸಿ ಆರ್‌ಸಿಸಿ ಹಾಕಿಸಿದ್ದಳು. ನೋಡಲು ನೆಂಟರು, ಪಕ್ಕದ ಮನೆಯವರು ಎಲ್ಲ ಸೇರಿ ಹತ್ತು ಹನ್ನೆರಡು ಜನ ಪಡಸಾಲೆಯಲ್ಲಿ ಕೂತಿದ್ದರು. ಚಿಕ್ಕವ್ವನಿಗೆ ಅಪ್ಪನ ಭುಜದ ವಿಷಯ ಗೊತ್ತಿತ್ತು, ಅದು ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಎಂದಿನ ಸಲುಗೆಯಿಂದ, "ಭಾವ, ನಿಮ್ಮ ಕೈ ಟೀ ಕುಡಿದು ಎಷ್ಟು ದಿನ ಆತು. ಎಮ್ಮೆ ಹಾಲೈತೆ, ಬರ್ರಿ ಒಳಗೆ" ಅಂದಳು.

ಅವ್ವ ತಡಬಡಿಸಿ ನಡುವೆ ಬಂದಳು. ಈ ಬಿಸಿಲಲ್ಲಿ ಟೀ ಯಾಕೆ, ಮಜ್ಜಿಗೆ ಕೊಡು, ಬಸ್ಸಿನಲ್ಲಿ ನಿಂತು ಬಂದಿದ್ದಾರೆ, ದಣಿದಿದ್ದಾರೆ ಎಂದು ಏನೇನೋ ಹೇಳಿದಳು. ಅಪ್ಪ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಅವನು ಅಷ್ಟು ಸಣ್ಣದಾಗಿ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ನನ್ನನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದ.

"ಆ ಸೆಲ್ಲಿನ ಕಡಗೋಲು ತಂದೀಯೇನಮ್ಮ?"

ತಂದಿದ್ದೇನೆ ಅಂದೆ.

"ತಂದು ಏನು ಮಾಡೋದು. ಅದು ಕೆಟ್ಟೈತೆ. ನಾನೇ ಕೆಡಿಸಿದ್ದು. ನೀನು ಸುಮ್ನೆ ಅವ್ವನ್ನ ಬೈದೆ."

ನಾನಿಲ್ಲದಾಗ ಒಂದು ದಿನ ಹಾಲು ಕಾಯಿಸಿ, ಅದನ್ನು ಅದ್ದಿ, ಗುಂಡಿ ಒತ್ತಿದ್ದನಂತೆ. ಅದು ತಿರುಗಲೇ ಇಲ್ಲವಂತೆ. ತನ್ನ ಕೈ ತಾಗಿದ್ದೆಲ್ಲ ಈಗ ಹೀಗೇ ಎಂದುಕೊಂಡು, ಹೆದರಿ ಇದ್ದ ಜಾಗದಲ್ಲೇ ಇಟ್ಟನಂತೆ. ಅವ್ವ ನೋಡಿಯೂ ನೋಡದವಳ ಹಾಗೆ ಇದ್ದಳು. ಬೈಗುಳವನ್ನೂ ತಾನೇ ತಿಂದಳು. ನನಗೆ ನನ್ನ ನಾಲಿಗೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬ್ಯಾಗಿನಿಂದ ಅದನ್ನು ತೆಗೆದು ಅಪ್ಪನ ಮುಂದೆಯೇ ಮುಚ್ಚಳ ಬಿಚ್ಚಿದೆ. ತಿರುವಿ ಹಾಕಿದ್ದ ಸೆಲ್ಲು ತೋರಿಸಿ, ಬಸ್ಸಿನ ಕಥೆ ಹೇಳಿ, ಸೆಲ್ಲು ಸರಿಮಾಡಿ ಈ ಸಲ ಯಂತ್ರವನ್ನು ಅವನ ಕೈಗೇ ಕೊಟ್ಟೆ. ಅಪ್ಪ ಗುಂಡಿ ಒತ್ತಿದ. ಗುಂಯ್ ಅಂತು. ಬಿಟ್ಟ, ಮತ್ತೆ ಒತ್ತಿದ. ಆಮೇಲೆ ನನಗೆ, ಒಲೆಯ ಹತ್ತಿರದಿಂದ ಆಚೆ ಸರಿ ಎಂದ.

ಹಾಲನ್ನು ಉಕ್ಕಲು ಬಿಡಲಿಲ್ಲ, ಅಂಚಿನಲ್ಲಿ ಗುಳ್ಳೆ ಕಾಣುತ್ತಿದ್ದಂತೆ ಇಳಿಸಿದ. ಚೊಂಬನ್ನು ಬಟ್ಟೆಯಲ್ಲಿ ಹಿಡಿದು ಎಡಗೈಯಲ್ಲಿ ಓರೆ ಮಾಡಿದ. ನೀನು ತಳಕ್ಕೆ ಅದ್ದುತ್ತೀಯ, ಅದಕ್ಕೇ ಸೋಪಿನ ನೊರೆ, ಮೊದಲು ಮೇಲೆ ಮೇಲೆ ಹಿಡಿಯಬೇಕು ಎಂದು ನನಗೇ ಪಾಠ ಹೇಳಿದ. ಬಲಗೈ ಎದೆಮಟ್ಟಕ್ಕೂ ಏಳಬೇಕಾಗಿರಲಿಲ್ಲ. ಎಮ್ಮೆ ಹಾಲಿನ ನೊರೆ ಚೊಂಬಿನ ಕುತ್ತಿಗೆವರೆಗೂ ಬಂತು. ಕೆಳಗೆ ಟೀ ಡಿಕಾಕ್ಷನ್, ಮೇಲೆ ಹಾಲು, ಕೊನೆಗೆ ಚಮಚದಲ್ಲಿ ನೊರೆ ಬಿಟ್ಟ. ಚಿಕ್ಕವ್ವ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಪಡಸಾಲೆಯಿಂದ ಯಾರೋ, ಇನ್ನೂ ಎಷ್ಟೊತ್ತು ಎಂದು ಕೂಗಿದರು.

ಅಪ್ಪ ಮೊದಲ ಲೋಟ ತೆಗೆದುಕೊಂಡ. ಅದರ ಮೇಲೊಂದು ತಟ್ಟೆ ಮುಚ್ಚಿದ. ಕೈ ಚಾಚಿದವರನ್ನೆಲ್ಲ ದಾಟಿ, ಪಡಸಾಲೆಯ ಆ ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅವ್ವನ ಹತ್ತಿರ ಹೋಗಿ ನಿಂತ. ಅಷ್ಟೂ ಜನ ಕಾದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅವ್ವ ಗ್ಯಾಸಿನ ಮಾತೇ ಎತ್ತಲಿಲ್ಲ. ತಟ್ಟೆ ತೆಗೆದು ಒಂದು ಗುಟುಕು ಕುಡಿದಳು. ಮೇಲ್ದುಟಿಗೆ ಹತ್ತಿದ ನೊರೆಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಸಕ್ಕರೆ ಒಂಚೂರು ಕಮ್ಮಿ ಆತು."

"ನಾಳೆ ಹಾಕ್ತೀನಿ" ಅಂದ ಅಪ್ಪ.